ಜರ್ಮನಿಯ ಗ್ಲೈಡರ್ ಕ್ಲಬ್‌ಗಳಲ್ಲಿ ಹಾರಾಟ ತರಬೇತಿ

ಎಂಜಿನ್ ಇಲ್ಲದ ವಿಮಾನವಾದ ಗ್ಲೈಡರನ್ನು ಹಾರಿಸುವ ವಿದ್ಯೆಯನ್ನು ಜರ್ಮನಿಯಲ್ಲಿ ಬಹುಮಟ್ಟಿಗೆ ಸ್ವಯಂಸೇವಕರು ನಡೆಸುವ ಕ್ಲಬ್‌ಗಳೇ ಕಲಿಸುತ್ತವೆ. ಇವುಗಳ ತರಬೇತುದಾರರಲ್ಲಿ ಹೆಚ್ಚಿನವರು ವೇತನ ಪಡೆಯುವುದಿಲ್ಲ. ಅವರು ವಾರವಿಡೀ ತಮ್ಮ ತಮ್ಮ ಉದ್ಯೋಗ ಮಾಡಿ ವಾರಾಂತ್ಯದಲ್ಲಿ ಮೈದಾನಕ್ಕೆ ಬರುತ್ತಾರೆ. ಕಲಿಯುವವರು 14ನೆಯ ವಯಸ್ಸಿನಲ್ಲಿಯೇ ಒಂಟಿಯಾಗಿ ಹಾರಬಹುದು. ಪರವಾನಗಿಗೆ 16 ವರ್ಷ ತುಂಬಿರಬೇಕು. ಹೀಗಾಗಿ ಕಾರು ಓಡಿಸಲು ಇನ್ನೂ ಅರ್ಹರಲ್ಲದ ಮಕ್ಕಳು ಒಬ್ಬರೇ ಆಕಾಶಕ್ಕೇರುವುದು ಇಲ್ಲಿ ಅಪರೂಪವೇನಲ್ಲ.

ಹಿನ್ನೆಲೆ

ಮೊದಲನೆಯ ಮಹಾಯುದ್ಧದ ನಂತರ, 1919ರ ವರ್ಸೇಲ್ಸ್ ಒಪ್ಪಂದವು ಜರ್ಮನಿಯ ವಿಮಾನ ನಿರ್ಮಾಣದ ಮೇಲೆ ಕಠಿಣ ನಿರ್ಬಂಧ ಹೇರಿತು. ಹಾರುವ ಆಸೆಯಿದ್ದ ಯುವಕರ ಗಮನ ಎಂಜಿನ್ ಇಲ್ಲದ ವಿಮಾನಗಳತ್ತ ತಿರುಗಿತು. 1920ರಲ್ಲಿ ಆಸ್ಕರ್ ಉರ್ಸಿನಸ್ ಅವರ ಮುಂದಾಳತ್ವದಲ್ಲಿ ರೋನ್ ಪರ್ವತಶ್ರೇಣಿಯ ವಾಸರ್‌ಕುಪ್ಪೆ ಬೆಟ್ಟದ ಮೇಲೆ ಮೊದಲ ಗ್ಲೈಡರ್ ಸ್ಪರ್ಧೆ ನಡೆಯಿತು. 1933ರ ನಂತರ ನಾಜಿ ಆಡಳಿತವು ಸ್ವತಂತ್ರ ಕ್ಲಬ್‌ಗಳನ್ನು ತನ್ನ ಸಂಘಟನೆಗಳಲ್ಲಿ ವಿಲೀನಗೊಳಿಸಿ, ಈ ಕ್ರೀಡೆಯನ್ನು ವಾಯುಪಡೆಗೆ ಯುವಕರನ್ನು ಸಿದ್ಧಗೊಳಿಸುವ ದಾರಿಯನ್ನಾಗಿ ಮಾಡಿಕೊಂಡಿತು. ಎರಡನೆಯ ಮಹಾಯುದ್ಧದ ನಂತರ ಮಿತ್ರರಾಷ್ಟ್ರಗಳು ನಿಷೇಧಿಸಿದ್ದ ಗ್ಲೈಡರ್ ಹಾರಾಟಕ್ಕೆ ಪಶ್ಚಿಮ ಜರ್ಮನಿಯಲ್ಲಿ 1951ರಲ್ಲಿ ಮತ್ತೆ ಅನುಮತಿ ದೊರೆಯಿತು.

ಯುದ್ಧಪೂರ್ವದಲ್ಲಿ ಕಲಿಯುವವನು ಒಂದೇ ಆಸನದ ತೆರೆದ ಗ್ಲೈಡರಿನಲ್ಲಿ ಮೊದಲ ದಿನದಿಂದಲೇ ಒಬ್ಬನೇ ಕೂರುತ್ತಿದ್ದ. ಗುರು ನೆಲದ ಮೇಲಿರುತ್ತಿದ್ದರು. ಯುದ್ಧಾನಂತರ ಎರಡು ಆಸನದ ಗ್ಲೈಡರುಗಳು ಆ ಪದ್ಧತಿಯನ್ನು ಕೊನೆಗಾಣಿಸಿದವು. ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಎಎಸ್‌ಕೆ 21 ಗ್ಲೈಡರ್ 1979ರಲ್ಲಿ ಮೊದಲು ಹಾರಿತು. ಇದರ ರೆಕ್ಕೆಗಳ ಹರವು 17 ಮೀಟರ್. ನಿಶ್ಚಲ ಗಾಳಿಯಲ್ಲಿ ಇದು ಒಂದು ಕಿಲೋಮೀಟರ್ ಇಳಿಯುವಷ್ಟರಲ್ಲಿ ಸುಮಾರು 34 ಕಿಲೋಮೀಟರ್ ಮುಂದೆ ಸಾಗಬಲ್ಲದು.

ಮೈದಾನದಲ್ಲಿ

ಹೆಚ್ಚಿನ ಕ್ಲಬ್‌ಗಳಲ್ಲಿ ಗ್ಲೈಡರನ್ನು ಮೇಲೇರಿಸುವುದು ವಿಂಚ್. ಮೈದಾನದ ಒಂದು ತುದಿಯಲ್ಲಿರುವ ಈ ಯಂತ್ರವು ಸುಮಾರು ಒಂದು ಕಿಲೋಮೀಟರ್ ಉದ್ದದ ಹಗ್ಗವನ್ನು ವೇಗವಾಗಿ ಸುತ್ತಿಕೊಳ್ಳುತ್ತದೆ. ಇನ್ನೊಂದು ತುದಿಯಲ್ಲಿರುವ ಗ್ಲೈಡರ್ ಗಾಳಿಪಟದಂತೆ ಮೇಲೇಳುತ್ತದೆ. ಒಂದು ನಿಮಿಷದೊಳಗೆ ಮುಗಿಯುವ ಈ ಏರಿಕೆಗೆ ಹಲವರ ದುಡಿಮೆ ಬೇಕು. ವಿಂಚ್ ನಡೆಸಲು ಒಬ್ಬರು, ರೆಕ್ಕೆಯ ತುದಿ ಹಿಡಿದು ಓಡಲು ಒಬ್ಬರು, ಹಗ್ಗ ಸಿಕ್ಕಿಸಲು, ಹಾರಾಟದ ದಾಖಲೆ ಬರೆಯಲು, ಕೆಳಗೆ ಬಿದ್ದ ಹಗ್ಗವನ್ನು ವಾಹನದಲ್ಲಿ ಎಳೆದು ತರಲು ಮತ್ತಷ್ಟು ಜನ. ಐದೋ ಆರೋ ನಿಮಿಷ ಹಾರಿದ ವಿದ್ಯಾರ್ಥಿ ದಿನದ ಉಳಿದ ಹೊತ್ತೆಲ್ಲ ಇತರರಿಗಾಗಿ ಇವೇ ಕೆಲಸಗಳನ್ನು ಮಾಡುತ್ತಾನೆ. ಚಳಿಗಾಲದಲ್ಲಿ ಕಾರ್ಯಾಗಾರದ ದುರಸ್ತಿ ಕೆಲಸದಲ್ಲೂ ಅವನ ಪಾಲಿರುತ್ತದೆ. ಶುಲ್ಕ ಕಡಿಮೆಯಿರುವುದಕ್ಕೆ ಕಾರಣ ಈ ದುಡಿಮೆಯೇ. ಹಣವಿದ್ದು ಬಿಡುವಿಲ್ಲದವರಿಗೆ ಕ್ಲಬ್ಬಿನ ದಾರಿ ಅಷ್ಟಾಗಿ ಒಗ್ಗುವುದಿಲ್ಲ.

ಕಲಿಕೆಯ ಕ್ರಮ

ವಿದ್ಯಾರ್ಥಿ ಮುಂದಿನ ಆಸನದಲ್ಲಿಯೂ ತರಬೇತುದಾರ ಹಿಂದಿನ ಆಸನದಲ್ಲಿಯೂ ಕೂರುತ್ತಾರೆ. ನೇರ ಹಾರಾಟ, ತಿರುವು, ವೇಗದ ಹಿಡಿತ ಮೊದಲ ಪಾಠಗಳು. ಕಾಕ್‌ಪಿಟ್ಟಿನ ಗಾಜಿನ ಹೊದಿಕೆಗೆ ಅಂಟಿಸಿದ ಉಣ್ಣೆಯ ದಾರ ಇಲ್ಲಿನ ಅತಿ ಅಗ್ಗದ ಉಪಕರಣ. ಅದು ಪಕ್ಕಕ್ಕೆ ವಾಲಿದರೆ ಗ್ಲೈಡರ್ ಗಾಳಿಗೆ ಓರೆಯಾಗಿ ಸಾಗುತ್ತಿದೆ ಎಂದರ್ಥ. ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಯನ್ನು ಗುರುತಿಸಿ, ಹದ್ದಿನಂತೆ ಅದರಲ್ಲಿಯೇ ಸುತ್ತುತ್ತ ಎತ್ತರ ಗಳಿಸುವುದು ನಂತರದ ಪಾಠ. ಇಳಿಯುವಾಗ ರೆಕ್ಕೆಯ ಮೇಲಿನ ಏರ್‌ಬ್ರೇಕ್‌ಗಳನ್ನು ಹೆಚ್ಚುಕಡಿಮೆ ತೆರೆದು ಇಳಿಜಾರನ್ನು ಹೊಂದಿಸಬೇಕು. ಎಂಜಿನ್ ಇಲ್ಲದ ಕಾರಣ, ಲೆಕ್ಕ ತಪ್ಪಿದರೆ ಮತ್ತೊಮ್ಮೆ ಮೇಲೇರಿ ಪ್ರಯತ್ನಿಸುವ ಅವಕಾಶವಿಲ್ಲ.

ಹಗ್ಗ ತುಂಡಾದಾಗ

ತರಬೇತಿಯ ಅತಿ ಗಂಭೀರ ಭಾಗ ಇದು. ವಿಂಚ್ ಎಳೆಯುವಾಗ ಗ್ಲೈಡರಿನ ಮೂಗು ಕಡಿದಾಗಿ ಮೇಲ್ಮುಖವಾಗಿರುತ್ತದೆ. ಆ ಸ್ಥಿತಿಯಲ್ಲಿ ಹಗ್ಗ ತುಂಡಾದರೆ ಕೆಲವೇ ಕ್ಷಣಗಳಲ್ಲಿ ವೇಗ ಕುಸಿಯುತ್ತದೆ. ಮೊದಲು ಮೂಗನ್ನು ಕೆಳಗೆ ಒತ್ತಬೇಕು. ವೇಗ ಮರಳುವವರೆಗೆ ಕಾಯಬೇಕು. ಉಳಿದ ಹಗ್ಗವನ್ನು ಕಳಚಬೇಕು. ಆಮೇಲಷ್ಟೇ ಎಲ್ಲಿ ಇಳಿಯಬೇಕೆಂಬ ತೀರ್ಮಾನ. ತಗ್ಗಿನಲ್ಲಿದ್ದರೆ ನೇರ ಮುಂದೆಯೇ ಇಳಿಯಬೇಕು, ಸಾಕಷ್ಟು ಎತ್ತರವಿದ್ದರೆ ಚಿಕ್ಕ ಸುತ್ತು ಹಾಕಿ ಮರಳಬಹುದು. ಇವೆರಡರ ನಡುವಿನ ಎತ್ತರವೇ ಹೆಚ್ಚು ತೊಡಕಿನದು. ವೇಗ ಮರಳುವ ಮೊದಲೇ ತಿರುಗಲು ಹೋದರೆ ರೆಕ್ಕೆ ಗಾಳಿಯ ಆಸರೆ ಕಳೆದುಕೊಂಡು ಗ್ಲೈಡರ್ ಗಿರಕಿ ಹೊಡೆಯುತ್ತ ಬೀಳಬಹುದು. ಅಷ್ಟು ತಗ್ಗಿನಲ್ಲಿ ಪ್ಯಾರಾಷೂಟ್ ತೆರೆಯಲು ಸಮಯ ಸಾಲದು.

ಆದ್ದರಿಂದ ತರಬೇತುದಾರರು ಮುನ್ಸೂಚನೆ ನೀಡದೆ ಏರಿಕೆಯ ನಡುವೆಯೇ ಹಗ್ಗ ಕಳಚಿ ವಿದ್ಯಾರ್ಥಿಯ ಪ್ರತಿಕ್ರಿಯೆಯನ್ನು ಪರೀಕ್ಷಿಸುತ್ತಾರೆ. ಹೊರಡುವ ಹಂತಕ್ಕೂ ನಿಯಮವಿದೆ. ನೆಲದ ಮೇಲೆ ಓಡುವಾಗ ರೆಕ್ಕೆ ನೆಲದತ್ತ ವಾಲಿ ಹತೋಟಿ ತಪ್ಪುವಂತಿದ್ದರೆ ತಕ್ಷಣ ಹಗ್ಗ ಬಿಡಬೇಕು. ಇದಕ್ಕಾಗಿ ಎಡಗೈ ಸದಾ ಕಳಚುವ ಗುಂಡಿಯ ಬಳಿಯೇ ಇರುತ್ತದೆ.

ಒಂಟಿ ಹಾರಾಟ ಮತ್ತು ಪರವಾನಗಿ

ವಿದ್ಯಾರ್ಥಿ ಸಿದ್ಧನಾಗಿದ್ದಾನೆಂದು ತರಬೇತುದಾರರಿಗೆ ಮನವರಿಕೆಯಾದ ದಿನ ಹಿಂದಿನ ಆಸನ ಖಾಲಿಯಾಗುತ್ತದೆ. ಮೂರು ಒಂಟಿ ಹಾರಾಟಗಳು ಮುಗಿದರೆ 'ಎ' ಪರೀಕ್ಷೆ ಪೂರ್ಣವಾದಂತೆ. ಆಗ ನೆರೆದವರೆಲ್ಲ ಸಾಲಾಗಿ ಬಂದು ಹೊಸಬನ ಪೃಷ್ಠಕ್ಕೆ ಹೊಡೆಯುವ ರೂಢಿಯಿದೆ. ಏರುಗಾಳಿಯನ್ನು ಆಸನದ ಮೂಲಕವೇ ಗ್ರಹಿಸುವ ಸೂಕ್ಷ್ಮತೆ ಇದರಿಂದ ಬರುತ್ತದೆ ಎಂಬುದು ಅವರ ತಮಾಷೆಯ ಸಮರ್ಥನೆ. ಜೊತೆಗೆ ಮುಳ್ಳುಗಿಡಗಳನ್ನು ಸೇರಿಸಿ ಕಟ್ಟಿದ ಹೂಗೊಂಚಲನ್ನೂ ಕೊಡುತ್ತಾರೆ.

ಯುರೋಪಿಯನ್ ಒಕ್ಕೂಟದ ನಿಯಮಗಳ ಪ್ರಕಾರ ಪರವಾನಗಿಗೆ ಕನಿಷ್ಠ 15 ಗಂಟೆಗಳ ಹಾರಾಟ ತರಬೇತಿ ಬೇಕು. ಇದರಲ್ಲಿ ಕನಿಷ್ಠ 10 ಗಂಟೆ ತರಬೇತುದಾರರೊಂದಿಗೆ, 2 ಗಂಟೆ ಅವರ ಮೇಲ್ವಿಚಾರಣೆಯಲ್ಲಿ ಒಂಟಿಯಾಗಿ ಹಾರಿರಬೇಕು. ಒಟ್ಟು 45 ಬಾರಿ ಏರಿ ಇಳಿದಿರಬೇಕು. ಕನಿಷ್ಠ 50 ಕಿಲೋಮೀಟರ್ ದೂರದ ಒಂಟಿ ಪಯಣ ಅಥವಾ ತರಬೇತುದಾರರೊಂದಿಗೆ 100 ಕಿಲೋಮೀಟರ್ ಪಯಣವೂ ಕಡ್ಡಾಯ. ವೈದ್ಯಕೀಯ ಪ್ರಮಾಣಪತ್ರ, ಲಿಖಿತ ಪರೀಕ್ಷೆ ಮತ್ತು ಪ್ರಾಯೋಗಿಕ ಪರೀಕ್ಷೆಗಳು ಇವುಗಳಿಗೆ ಹೊರತಾದವು. ವಾರಾಂತ್ಯದಲ್ಲಷ್ಟೇ ಕಲಿಯುವವರಿಗೆ ಇವೆಲ್ಲ ಒಂದೇ ಬೇಸಿಗೆಯಲ್ಲಿ ಮುಗಿಯುವುದು ಕಷ್ಟ.

ದೂರದ ಪಯಣದಲ್ಲಿ ಏರುಗಾಳಿ ಸಿಗದೆ ಯಾವುದಾದರೂ ಹೊಲದಲ್ಲಿ ಇಳಿಯಬೇಕಾಗಿ ಬರುವುದುಂಟು. ಇದನ್ನು ಅಪಘಾತವೆಂದು ಎಣಿಸುವುದಿಲ್ಲ. ಸೂಕ್ತ ಹೊಲವನ್ನು ಮೇಲಿನಿಂದಲೇ ಆರಿಸುವುದು ಪಠ್ಯದ ಭಾಗವೇ. ಕ್ಲಬ್ಬಿನ ಗೆಳೆಯರು ಉದ್ದನೆಯ ಟ್ರೇಲರನ್ನು ಕಾರಿಗೆ ಕಟ್ಟಿಕೊಂಡು ಬಂದು, ರೆಕ್ಕೆಗಳನ್ನು ಬಿಚ್ಚಿ, ಗ್ಲೈಡರನ್ನೂ ಚಾಲಕನನ್ನೂ ಮರಳಿ ಕರೆದೊಯ್ಯುತ್ತಾರೆ.