ಮ್ಹಸಾ ಜಾತ್ರೆ: ರಾಸುಗಳ ಸಂತೆ, ರಾಸುಗಳ ಆರೋಗ್ಯ

ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳ ಬಹುಮಹಡಿ ಕಟ್ಟಡಗಳನ್ನು ಹಿಂದೆ ಬಿಟ್ಟು ಮುರಬಾಡದ ಹಾದಿ ಹಿಡಿದರೆ, ಅದೇ ಠಾಣೆ ಜಿಲ್ಲೆಯಲ್ಲಿ ಭತ್ತದ ಗದ್ದೆಗಳು ಎದುರಾಗುತ್ತವೆ. ಈ ಮುರಬಾಡ ತಾಲೂಕಿನ ಮ್ಹಸಾ ಗ್ರಾಮದಲ್ಲಿ ಪ್ರತಿವರ್ಷ ಪುಷ್ಯ ಹುಣ್ಣಿಮೆಯಂದು ಆರಂಭವಾಗುವ ಜಾತ್ರೆಯು ರಾಸುಗಳ ಮಾರಾಟಕ್ಕೆ ಪ್ರಸಿದ್ಧವಾಗಿದೆ. ಕಂಬಳಿಯ ವ್ಯಾಪಾರವೂ ಇಲ್ಲಿ ಜೋರಾಗಿಯೇ ನಡೆಯುತ್ತದೆ. ಕೃಷಿ ಪ್ರದರ್ಶನವೆಂದೊಡನೆ ಮಳಿಗೆ, ಭಿತ್ತಿಪತ್ರ, ಭಾಷಣಗಳು ನೆನಪಾಗುವುದು ಸಹಜ. ಮ್ಹಸಾದಲ್ಲಿ ಜನ ನೋಡಬರುವುದು ಎತ್ತನ್ನು.

ಜಾತ್ರೆಯ ಕಾಲವೂ ಬೇಸಾಯಕ್ಕೆ ಹೊಂದಿಕೊಂಡಿದೆ. ಆ ವೇಳೆಗೆ ಭತ್ತದ ಒಕ್ಕಣೆ ಮುಗಿದು ರೈತನ ಕೈಯಲ್ಲಿ ಅಷ್ಟಿಷ್ಟು ಹಣವಿರುತ್ತದೆ. ಮುಂಗಾರಿಗೆ ಇನ್ನೂ ಹಲವು ತಿಂಗಳಿರುವುದರಿಂದ ಹೊಸ ಎತ್ತನ್ನು ನೊಗಕ್ಕೆ ಪಳಗಿಸಲು ಅವಕಾಶ ದೊರೆಯುತ್ತದೆ. ಕೊಳ್ಳುವವನು ಮೊದಲು ಹಲ್ಲು ನೋಡುತ್ತಾನೆ. ಸುಮಾರು ಎರಡು ವರ್ಷಕ್ಕೆ ಹಾಲುಹಲ್ಲು ಬಿದ್ದು ಮೊದಲ ಜೋಡಿ ಹಲ್ಲು ಮೂಡುತ್ತದೆ. ನಾಲ್ಕೈದು ವರ್ಷಕ್ಕೆ ಎಂಟು ಹಲ್ಲು ತುಂಬಿ ರಾಸು ಬಾಯಿಗೂಡುತ್ತದೆ. ಬಳಿಕ ಗೊರಸು, ನಡಿಗೆಗಳ ಪರೀಕ್ಷೆ. ಠಾಣೆ, ನಾಸಿಕ ಭಾಗದ ಗುಡ್ಡಗಾಡಿನ ಡಾಂಗಿ ತಳಿಗೆ ಈ ವಿಷಯದಲ್ಲಿ ಹೆಚ್ಚಿನ ಮನ್ನಣೆಯುಂಟು. ಇದರ ಚರ್ಮವು ಎಣ್ಣೆಯಂಥ ದ್ರವವನ್ನು ಸ್ರವಿಸುವುದರಿಂದ ಧಾರಾಕಾರ ಮಳೆಯಲ್ಲೂ ಗದ್ದೆಯಲ್ಲಿ ದುಡಿಯಬಲ್ಲದು. ಗೊರಸು ಕಪ್ಪಾಗಿ ಕಲ್ಲಿನಂತೆ ಗಟ್ಟಿ. ನಮ್ಮ ಮಲೆನಾಡು ಗಿಡ್ಡ ತಳಿಯೂ ಹೀಗೆಯೇ ಮಳೆನಾಡಿಗೆ ಒಗ್ಗಿದ್ದು, ಆದರೆ ಗಾತ್ರದಲ್ಲಿ ಬಹು ಚಿಕ್ಕದು.

ಅನೇಕ ಊರುಗಳ ರಾಸುಗಳು ಒಂದೇ ಬಯಲಿನಲ್ಲಿ ಸೇರುವಾಗ ರೋಗವೂ ಜೊತೆಗೆ ಬರುತ್ತದೆ. 2019ರಲ್ಲಿ ಒಡಿಶಾದಲ್ಲಿ ಭಾರತದಲ್ಲೇ ಮೊದಲ ಬಾರಿಗೆ ಕಾಣಿಸಿಕೊಂಡ ಚರ್ಮಗಂಟು ರೋಗವು 2022ರಲ್ಲಿ ಗುಜರಾತ್, ರಾಜಸ್ಥಾನ, ಮಹಾರಾಷ್ಟ್ರಗಳಲ್ಲಿ ವ್ಯಾಪಕವಾಗಿ ಹರಡಿತು. ಆ ವರ್ಷ ಮಹಾರಾಷ್ಟ್ರದಲ್ಲಿ ರಾಸುಗಳ ಸಂತೆಗಳನ್ನು ನಿಲ್ಲಿಸಲಾಯಿತು; ಕರ್ನಾಟಕದ ಹಲವು ಜಿಲ್ಲೆಗಳಲ್ಲೂ ದನಗಳ ಜಾತ್ರೆಗಳಿಗೆ ನಿಷೇಧ ಬಂದಿತು. ಸಂತೆ ನಿಂತರೆ ಮಾರುವವನಿಗೆ ಮೇವಿನ ಹೊರೆ, ಕೊಳ್ಳುವವನಿಗೆ ಉಳುಮೆಯ ಚಿಂತೆ. ಸಣ್ಣ ಹಿಡುವಳಿದಾರನ ಪಾಲಿಗೆ ಒಂದು ಜೋಡಿ ಎತ್ತು ಹಲವು ವರ್ಷಗಳ ಉಳಿತಾಯವೆಂಬುದನ್ನು ಇಲ್ಲಿ ಮರೆಯುವಂತಿಲ್ಲ.

ಚರ್ಮಗಂಟು ರೋಗವು ವೈರಾಣುವಿನಿಂದ ಉಂಟಾಗುತ್ತದೆ. ಸೊಳ್ಳೆ, ನೊಣ, ಉಣ್ಣೆಗಳು ಇದನ್ನು ಹರಡುತ್ತವೆ. ಜ್ವರ ಬಂದು ಮೈಮೇಲೆ ಗಂಟುಗಳೇಳುತ್ತವೆ. ಮನುಷ್ಯರಿಗೆ ಇದು ತಗಲುವುದಿಲ್ಲ. ಇದನ್ನು ತಡೆಯಲು ಮೇಕೆ ಸಿಡುಬಿನ ಲಸಿಕೆಯನ್ನು ಬಳಸಲಾಗಿದೆ. ಲಸಿಕೆ ಹಾಕಿದ ಮರುದಿನವೇ ರಕ್ಷಣೆ ದೊರೆಯದು, ಸುಮಾರು ಮೂರು ವಾರ ಬೇಕು. ಆದ್ದರಿಂದ ಜಾತ್ರೆಯ ಮುನ್ನಾದಿನ ಪಶುವೈದ್ಯರನ್ನು ಹುಡುಕಿದರೆ ಪ್ರಯೋಜನವಿಲ್ಲ. ಕಾಲುಬಾಯಿ ರೋಗದ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಹಾಕಿಸತಕ್ಕದ್ದು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮದಡಿ ಈ ಲಸಿಕೆಯನ್ನು ಉಚಿತವಾಗಿ ನೀಡಲಾಗುತ್ತಿದೆ. ಕಿವಿಗೆ ಹಾಕುವ 12 ಅಂಕಿಗಳ ಓಲೆಯಿಂದ ರಾಸನ್ನು ಗುರುತಿಸಿ ಅದರ ಲಸಿಕೆಯ ವಿವರವನ್ನು ತಿಳಿಯಬಹುದು. ಕೊಳ್ಳುವಾಗ ಹಲ್ಲಿನೊಂದಿಗೆ ಈ ಓಲೆಯನ್ನೂ ನೋಡುವುದು ಲೇಸು.

ರಾಸುಗಳನ್ನು ವಾಹನದಲ್ಲಿ ಸಾಗಿಸುವವರು 1978ರ ಪ್ರಾಣಿ ಸಾಗಾಣಿಕೆ ನಿಯಮಗಳನ್ನು ಪಾಲಿಸಬೇಕು. ರಾಸು ಪ್ರಯಾಣಕ್ಕೆ ಯೋಗ್ಯವಾಗಿದೆ, ಅಂಟುರೋಗವಿಲ್ಲ ಎಂಬ ಪಶುವೈದ್ಯರ ಪ್ರಮಾಣಪತ್ರ ಜೊತೆಯಲ್ಲಿರಬೇಕು. ಒಂದು ಸರಕು ವಾಹನದಲ್ಲಿ ಆರಕ್ಕಿಂತ ಹೆಚ್ಚು ರಾಸುಗಳನ್ನು ತುಂಬುವಂತಿಲ್ಲ. ಮನೆ ಸೇರಿದ ಹೊಸ ಎತ್ತನ್ನು ಹಳೆಯ ರಾಸುಗಳ ಗೋದಲಿಗೆ ಕೂಡಲೇ ಕಟ್ಟದೆ ಎರಡು ಮೂರು ವಾರ ಪ್ರತ್ಯೇಕವಾಗಿರಿಸಿ, ಜ್ವರವಾಗಲಿ ಗಂಟಾಗಲಿ ಕಂಡುಬಂದರೆ ಸಮೀಪದ ಪಶು ಚಿಕಿತ್ಸಾಲಯಕ್ಕೆ ತಿಳಿಸಬೇಕು.