ಊರಿನ ಅವ್ವನಿಗೆ ಎಂಥ ಫೋನು ಕೊಳ್ಳಬೇಕು?

ಶಹಾಡಿನಲ್ಲಿ ದುಡಿಯುವ ನಮ್ಮ ಕನ್ನಡ ಬಂಧುಗಳಲ್ಲಿ ಅನೇಕರ ತಾಯಿತಂದೆಗಳು ಇನ್ನೂ ಊರಿನಲ್ಲಿಯೇ ಇರುವರು. ಕಲ್ಯಾಣದಲ್ಲಿ ರೈಲು ಹತ್ತಿ, ಕಲಬುರಗಿಯಲ್ಲಿ ಇಳಿದು, ಬಸ್ಸು ಹಿಡಿದು ಹಳ್ಳಿ ಮುಟ್ಟುವುದರೊಳಗೆ ಒಂದು ದಿನವೇ ಕಳೆಯುತ್ತದೆ. ಅಲ್ಲಿಯ ಕ್ಷೇಮಸಮಾಚಾರಕ್ಕೆ ಫೋನೇ ಆಧಾರ. ಆದುದರಿಂದ ಅದನ್ನು ವಿಚಾರಮಾಡಿ ಆರಿಸಬೇಕು.

ಹೋದ ದೀಪಾವಳಿಯ ಬೋನಸ್ಸಿನಲ್ಲಿ ನಾನು ನನ್ನವ್ವನಿಗೆ ದೊಡ್ಡದೊಂದು ಟಚ್ ಫೋನು ಒಯ್ದುಕೊಟ್ಟೆ. ಓಣಿಯವರೆಲ್ಲ ಹೊಗಳಿದರು. ತಿಂಗಳೊಳಗೆ ಒಂದು ರಾತ್ರಿ, ಅವಳಿಗೆ ಜ್ವರವೆಂದು ಸುದ್ದಿ ಬಂತು. ಹನ್ನೊಂದು ಸಲ ಫೋನು ಮಾಡಿದೆ; ಎತ್ತಲಿಲ್ಲ. ಬೆಳಗಿನವರೆಗೂ ನನಗೆ ನಿದ್ದೆಯಿಲ್ಲ. ಅವಳು ಗಾಜನ್ನು ಒತ್ತುತ್ತಲೇ ಇದ್ದಳಂತೆ. ಬೆರಳಿನಿಂದ ಸವರಬೇಕೆಂಬುದು ಅವಳಿಗೆ ಗೊತ್ತಿರಲಿಲ್ಲ. ತಪ್ಪು ಅವಳದಲ್ಲ, ನನ್ನದು. ಅವಳ ಕೈಯನ್ನು ನೋಡದೆ ನನ್ನ ಹೆಮ್ಮೆಯನ್ನು ನೋಡಿ ಕೊಂಡಿದ್ದೆ.

ಟಚ್ ಫೋನಿನ ಗಾಜು ಒತ್ತುವುದನ್ನು ಅರಿಯದು. ಬೆರಳು ತಾಗಿದಾಗ ಆಗುವ ವಿದ್ಯುತ್ತಿನ ಅತಿಸಣ್ಣ ವ್ಯತ್ಯಾಸವನ್ನಷ್ಟೇ ಗುರುತಿಸುತ್ತದೆ. ಹೊಲದಲ್ಲಿ ದುಡಿದು ಒಣಗಿ ದಪ್ಪವಾದ ಬೆರಳು ಎಷ್ಟೋ ಸಲ ಅದಕ್ಕೆ ತಿಳಿಯುವುದಿಲ್ಲ. ಅಂಥವರಿಗೆ ಬಟನ್ನಿನ ಫೋನೇ ಲೇಸು.

ಅದನ್ನು ಕೊಳ್ಳುವ ಮೊದಲು ಒಂದು ಮಾತು. ಊರಿನ ಮನೆಯೊಳಗೆ ಯಾವ ಕಂಪನಿಯ ರೇಂಜು ಬರುತ್ತದೆಂದು ನೆರೆಯವರನ್ನು ಕೇಳಿರಿ. ಅಗ್ಗದ ಬಟನ್ ಫೋನುಗಳಲ್ಲಿ ಹಲವು 2ಜಿ ಮಾತ್ರ. ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ. ಆ ಸಿಮ್ಮಿಗೆ 4ಜಿ ಫೋನೇ ಬೇಕು.

ಅಂಗಡಿಯಲ್ಲಿ ಅಂಕಿಗಳು ದೊಡ್ಡವಿವೆಯೇ, ಬಟನ್ನುಗಳ ನಡುವೆ ಅಂತರವಿದೆಯೇ, ರಸ್ತೆಯ ಗದ್ದಲದಲ್ಲಿಯೂ ಗಂಟೆ ಕೇಳುವುದೇ ಎಂದು ಪರೀಕ್ಷಿಸಿರಿ. ಟಾರ್ಚಿದ್ದರೆ ಕರೆಂಟು ಹೋದಾಗ ಉಪಕಾರ. ಒಂದೇ ಅಂಕಿಯನ್ನು ಒತ್ತಿ ಹಿಡಿದರೆ ಕರೆ ಹೋಗುವಂತೆ 2ಕ್ಕೆ ನಿಮ್ಮ ನಂಬರನ್ನೂ 3ಕ್ಕೆ ನೆರೆಮನೆಯವರದನ್ನೂ ಇಡಿಸಿರಿ. 5 ಮತ್ತು 9ನ್ನು ಬಿಡಿರಿ. 2017ರ ಜನವರಿಯಿಂದ ಮಾರುವ ಬಟನ್ ಫೋನುಗಳಲ್ಲಿ ಇವುಗಳಲ್ಲೊಂದನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗಬೇಕೆಂದು ಸರಕಾರ 2016ರಲ್ಲಿ ನಿಯಮ ಮಾಡಿದೆ. ನೀವು ಕೊಳ್ಳುವ ಫೋನಿನಲ್ಲಿ ಅದು ಯಾವುದೆಂದು ಕೇಳಿಕೊಳ್ಳಿರಿ. ತುರ್ತಿನ ನಂಬರು 112, ಅದನ್ನೂ ಕಲಿಸಿರಿ.

ಮೊಮ್ಮಕ್ಕಳ ಮುಖ ನೋಡುವ ಆಸೆಯಿದ್ದರೆ ಟಚ್ ಫೋನು ಅನುಕೂಲ. ಆಗ ಸೆಟ್ಟಿಂಗಿನಲ್ಲಿ ಅಕ್ಷರ ದೊಡ್ಡದು ಮಾಡಿ, ಭಾಷೆ ಕನ್ನಡವಿಟ್ಟು, ಬೇಡದ ಚಿತ್ರಗಳನ್ನೆಲ್ಲ ಮುಂದಿನ ಪರದೆಯಿಂದ ತೆಗೆದುಹಾಕಿರಿ.

ಯಾವ ಫೋನಾದರೂ, ಕೊಟ್ಟ ಮರುದಿನವೇ ರೈಲು ಹತ್ತಬೇಡಿರಿ. ಹಿತ್ತಲಿನಲ್ಲಿ ನಿಂತು ನೀವೇ ಹತ್ತು ಸಲ ಕರೆಮಾಡಿರಿ. ಅವರೇ ಎತ್ತಲಿ, ಅವರೇ ತಿರುಗಿ ಮಾಡಲಿ. ರಿಚಾರ್ಜಿನ ಹೊಣೆ ನಿಮಗಿರಲಿ.

ಈಗ ನನ್ನವ್ವನ ಬಳಿ ಬಟನ್ನಿನ ಫೋನಿದೆ. 2ರ ಮೇಲೆ ಉಗುರುಬಣ್ಣದ ಕೆಂಪು ಬೊಟ್ಟು ಇಟ್ಟು ಬಂದಿದ್ದೇನೆ. ಎರಡನೆಯ ಪಾಳಿ ಮುಗಿಸಿ ಖೋಲಿಗೆ ಬರುವಷ್ಟರಲ್ಲಿ ಅವಳೇ ಫೋನು ಮಾಡಿ, "ಊಟ ಆತೇನೋ?" ಎಂದು ಕೇಳುತ್ತಾಳೆ.