ಲಿಫಿ ನದಿಯಲ್ಲಿ ದೊಡ್ಡ ನೌಕೆಯ ನಡೆ



ಡಬ್ಲಿನ್ ನಗರದ ನಡುವೆ ಹರಿಯುವ ಲಿಫಿಯನ್ನು ನಾವು ಸೇತುವೆಗಳ ಮೇಲಿನಿಂದಲೇ ಕಾಣುವವರು. ಸಮುದ್ರದಿಂದ ಬರುವ ದೊಡ್ಡ ಮೋಟಾರು ವಿಹಾರನೌಕೆಗೆ ಅದೇ ಸೇತುವೆಗಳು ಬಾಗಿಲುಗಳು. 1984ರಲ್ಲಿ ತೆರೆದ, ಇಂದು ಟಾಮ್ ಕ್ಲಾರ್ಕ್ ಹೆಸರಿನ ಸೇತುವೆ ಮೇಲಕ್ಕೇಳುತ್ತದೆ. 2009ರ ಸ್ಯಾಮ್ಯುಯೆಲ್ ಬೆಕೆಟ್ ಸೇತುವೆ ಪಕ್ಕಕ್ಕೆ ತಿರುಗುತ್ತದೆ. 1978ರ ಟಾಲ್ಬಟ್ ಸೇತುವೆ ಅಲುಗದು. ದೊಡ್ಡ ನೌಕೆಯ ಪಯಣ ಅಲ್ಲಿಗೆ ಮುಗಿಯಿತು.

ಸೇತುವೆ ತೆರೆಯಲು ಮುಂಚಿತವಾಗಿಯೇ ಕೋರಿಕೊಳ್ಳಬೇಕು. ತೆರೆಯುವುದು ತಡವಾದರೆ? ಅಲ್ಲಿಯೇ ನಾವಿಕನ ಪರೀಕ್ಷೆ. ನೌಕೆಗೆ ಕಾರಿನಂತೆ ಬ್ರೇಕಿಲ್ಲ. ಚುಕ್ಕಾಣಿಗೆ ಬಲ ಬರುವುದು ಅದನ್ನು ಸವರಿ ಹರಿಯುವ ನೀರಿನಿಂದ. ಉಬ್ಬರವು ಹಿಂದಿನಿಂದ ನೂಕುತ್ತಿರುವಾಗ ವೇಗ ತಗ್ಗಿಸಿದರೆ ಚುಕ್ಕಾಣಿಯ ಹಿಡಿತ ತಪ್ಪುತ್ತದೆ. ನೌಕೆ ಮಾತ್ರ ಸೇತುವೆಯತ್ತ ಸಾಗುತ್ತಲೇ ಇರುತ್ತದೆ. ಪ್ರವಾಹಕ್ಕೆ ಎದುರಾಗಿ ಬಂದರೆ ಯಂತ್ರ ನಡೆಸುತ್ತಲೇ ಇದ್ದಲ್ಲಿಯೇ ಕಾಯಬಹುದು. ಆದುದರಿಂದ ಒಳಬರಲು ನೀರು ಸ್ತಬ್ಧವಾಗುವ ವೇಳೆಯನ್ನೋ, ಆಳ ಸಾಲುವಷ್ಟಿರುವ ಸೌಮ್ಯ ಇಳಿತವನ್ನೋ ಆಯುವುದು ಮೇಲು. ಮಂಗಳೂರಿನ ಅಳಿವೆ ಬಾಗಿಲಲ್ಲಿ ನೀರಿನ ಹೊತ್ತು ನೋಡಿ ದೋಣಿ ತರುವ ನಮ್ಮ ಮೀನುಗಾರರಿಗೆ ಈ ವಿದ್ಯೆ ಹೊಸದಲ್ಲ.

ಇಕ್ಕಟ್ಟಾದ ಜಲಮಾರ್ಗದಲ್ಲಿ ಬಲದಂಚು ಹಿಡಿದು ಸಾಗಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಐರ್ಲೆಂಡಿನ ರಸ್ತೆಯಲ್ಲಿ ಎಡ, ನದಿಯಲ್ಲಿ ಬಲ! ಅಂತಹ ಮಾರ್ಗದೊಳಗೆ ಮಾತ್ರ ಸುರಕ್ಷಿತವಾಗಿ ಚಲಿಸಬಲ್ಲ ಹಡಗಿಗೆ 20 ಮೀಟರಿಗಿಂತ ಚಿಕ್ಕ ನೌಕೆಗಳು ಅಡ್ಡಿಯಾಗಕೂಡದು. ಹಡಗಿನ ಒಂದು ಕಿರುಕೂಗು ‘ಬಲಕ್ಕೆ ತಿರುಗುತ್ತಿದ್ದೇನೆ’ ಎಂದು, ಎರಡು, ‘ಎಡಕ್ಕೆ’, ಮೂರು, ‘ಯಂತ್ರ ಹಿಂದಕ್ಕೆ ನಡೆದಿದೆ’, ಐದು, ‘ನಿಮ್ಮ ಇಂಗಿತ ತಿಳಿಯದು’.

ಲಿಫಿಯಲ್ಲಿ ಕಯಾಕ್ ನಡೆಸುವ ನಮ್ಮ ಮಕ್ಕಳು ಈ ಕೂಗುಗಳ ಅರ್ಥವನ್ನು ಕಲಿತಿರಲಿ. ಎತ್ತರದ ಮೂತಿಯ ಹಿಂದೆ ನಿಂತ ನಾವಿಕನಿಗೆ ಸಮೀಪದ ಕಿರುದೋಣಿ ಕಾಣದೆಯೇ ಹೋಗಬಹುದು.